ಒಲೆಯ ಮೇಲಿಟ್ಟ ಹಾಲು

ರಾಜರಾಜೇಶ್ವರಿ ನಗರ, ಮೂರನೆ ಮಹಡಿ,
ಕಿಟಕಿಗೆ ಕಪ್ಪು ಕಾಗದ ಬಳಿದ ಎಡಿಟಿಂಗ್ ರೂಮು.
ಹೊರಗೆ ಹಗಲೋ ಇರುಳೋ, ಗೋಡೆಯ ಹಲ್ಲಿಗೂ ಗೊತ್ತಿಲ್ಲ.
ಚಾನೆಲ್ಲಿಗೆ ಬೇಕು ಇಪ್ಪತ್ತೆರಡು ನಿಮಿಷ,
ಎಂಟಕ್ಕೆ ಕಳಿಸಿದರೆ ಒಂಬತ್ತೂವರೆಗೆ ಮನೆಮನೆಗೆ.
ಸಂಚಿಕೆ ನಾನೂರ ಹನ್ನೆರಡು.

ಹದಿನೆಂಟು ನಿಮಿಷ ಧೃತಿಯದೇ.
ಗಂಡ ಸತ್ತ ಹನ್ನೊಂದನೆ ತಿಂಗಳು
ಮೈದುನನ ಅಂಗಿಗೆ ಗುಂಡಿ ಹೊಲಿಯುತ್ತ,
ಅಂಗಿ ಅವನ ಮೈಮೇಲಿರುವಾಗಲೇ,
ದಾರ ಕಡಿಯಲು ಅವನೆದೆಗೆ ಬಾಯಿ ತರುತ್ತಾಳೆ.
ಅಷ್ಟೆ. ದಾರ ಕಡಿಯಿತು.

ಅದನ್ನೇ ಏಳು ಸಲ ತೋರಿಸಬೇಕಂತೆ.
ಅತ್ತೆಯ ಕಣ್ಣಿಂದ, ನಾದಿನಿಯ ಕಣ್ಣಿಂದ,
ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುವ
ಗಂಡನ ಕಣ್ಣಿಂದಲೂ ಒಮ್ಮೆ.
ಗುಡುಗು ಹಾಕಯ್ಯ, ಅಂದರು ಮಂಜೇಗೌಡರು.
ಹಾಕಿದೆ. ಬೆಡ್‌ರೂಮಿನೊಳಗೆ, ಒಂದು ಮೋಡವೂ ಇಲ್ಲದೆ.

ಪ್ರೋಮೋ ನೋಡಿಯೇ ಊರು ಎರಡು ಭಾಗ.
ಜಯನಗರದ ಮಹಿಳಾ ಸಂಘ ಚಾನೆಲ್ಲಿಗೆ ಕಾಗದ ಬರೆಯಿತು.
ನಮ್ಮ ಬೀದಿಯ ಇಸ್ತ್ರಿ ರಾಮಾಂಜಿ
‘ತಪ್ಪೇನ್ ಸಾರ್, ಪಾಪ, ಚಿಕ್ಕ್ ಹುಡುಗಿ’ ಅಂದ.
ಅವನ ಹೆಂಡತಿ ಕೆಂಡ ಕೆದಕುತ್ತ
ಅವನನ್ನೇ ಒಂದು ಸಲ ನೋಡಿದಳು.

ನನಗೆ ತಪ್ಪು ಕಾಣಲಿಲ್ಲ, ಸರಿಯೂ.
ಹುಡುಗಿ ಚೆನ್ನಾಗಿ ಮಾಡಿದ್ದಾಳೆ, ಸುಳ್ಳು ಹೇಳಬಾರದು.
ಕಡಿದ ಮೇಲೆ ತುಟಿಗಂಟಿದ ನೂಲಿನ ಚೂರನ್ನು
ಉಗುಳಲೋ ನುಂಗಲೋ ಎಂದು ಒಂದು ಗಳಿಗೆ ನಿಂತಳಲ್ಲ,
ಅದಕ್ಕೆ ಗುಡುಗು ಬೇಕಿರಲಿಲ್ಲ.

ಉಳಿದ ನಾಲ್ಕು ನಿಮಿಷಕ್ಕೆ
ಒಂದು ಸೈಟಿನ ವ್ಯಾಜ್ಯ, ಮರೆವು ಹಿಡಿದ ಮಾವ,
ಆಸ್ಪತ್ರೆಯಲ್ಲಿ ಅದಲುಬದಲಾದ ಮಗು
(ಎಷ್ಟು ಅವಸರವೆಂದರೆ, ಮಗುವೇ ಇಲ್ಲ, ತೊಟ್ಟಿಲು ಮಾತ್ರ).
ಕೊನೆಗೆ ಅಡುಗೆಮನೆ.

ಮುನ್ನೂರ ಎಂಬತ್ತೆಂಟರಲ್ಲಿ ಅಡುಗೆಯ ಸುಬ್ಬಮ್ಮ
ಒಲೆಯ ಮೇಲೆ ಹಾಲಿಟ್ಟಿದ್ದಳು.
ಫೋನ್ ಬಂತು. ಅತ್ತಲಿಂದ ಯಾರೋ ಏನೋ ಅಂದರು.
‘ಯಾವಾಗ?’ ಎಂದಳು.
ಕಟ್.
ಆಮೇಲೆ ಇಪ್ಪತ್ನಾಲ್ಕು ರಾತ್ರಿ ಆ ಮನೆಯಲ್ಲಿ
ಕೆನ್ನೆಗೆ ಏಟು ಬಿತ್ತು, ತಾಳಿ ಕಳಚಿತು, ಮದುವೆ ನಿಂತಿತು.
ಸುಬ್ಬಮ್ಮ ಮಾತ್ರ ಕಿವಿಗೆ ಫೋನು ಹಿಡಿದು ಎಲ್ಲೋ ನಿಂತೇ ಇದ್ದಾಳೆ,
ಹಾಲು ಉಕ್ಕಲೂ ಇಲ್ಲ, ಆರಲೂ ಇಲ್ಲ.

ಮೊನ್ನೆ ಭಾನುವಾರ, ಅಂತೂ, ಅದನ್ನು ಮುಗಿಸಿದರು.
ಒಂದೂವರೆ ನಿಮಿಷ. ತಂಗಿ ತೀರಿಕೊಂಡಳಂತೆ,
ಎರಡು ದಿನ ರಜೆ ಕೇಳುತ್ತಾಳೆ, ಯಜಮಾನಿ
‘ನಾಳೆ ಹೋಳಿಗೆ ಯಾರು ಮಾಡೋದು?’ ಎನ್ನುತ್ತಾಳೆ.
ಇಷ್ಟೂ ಇದೆ ನನ್ನ ಬಳಿ, ಒಂದೇ ಟೇಕಿನಲ್ಲಿ.
ಆದರೆ ಏಳನೆಯ ಸಲದ ದಾರಕ್ಕೆ ಜಾಗ ಬೇಕಲ್ಲ.

ಮಧ್ಯಾಹ್ನ ಬಂದಿದ್ದರು ಭದ್ರಮ್ಮ,
ಸುಬ್ಬಮ್ಮನಾಗುವವರು,
ಲಗ್ಗೆರೆಯಿಂದ ಎರಡು ಬಸ್ ಹಿಡಿದು.
ಸೀನಿದ್ದ ದಿನಕ್ಕೆ ಸಾವಿರದಿನ್ನೂರು, ಇಲ್ಲದ ದಿನಕ್ಕೆ ಇಲ್ಲ.
ಚಪ್ಪಲಿ ಬಾಗಿಲಾಚೆ ಬಿಟ್ಟು, ಒಳಗೆ ಬಾರದೆ,
‘ಇದೆಯೇನಪ್ಪಾ ನಂದು? ವಠಾರಕ್ಕೆಲ್ಲ ಹೇಳ್ಬಿಟ್ಟಿದೀನಿ.’
ಇದೆ, ಅಂದೆ.

ಏಳು ಐವತ್ತಕ್ಕೆ
ಸತ್ತ ಗಂಡನ ನೋಟವನ್ನು ಕಿತ್ತೆ.
ನಾಲ್ಕು ಸೆಕೆಂಡ್ ಸಿಕ್ಕಿತು.
ಮುಖ ಹಿಡಿಸಲಿಲ್ಲ ಅದರಲ್ಲಿ, ಮಾತಂತೂ ದೂರ;
ಗ್ಯಾಸ್ ಆರಿಸುವ ಒಂದು ಕೈ ಮಾತ್ರ.
ಕೂರಿಸಿ ಕಳಿಸಿದೆ. ಮಂಜೇಗೌಡರು ನೋಡಲಿಲ್ಲ.

ಒಂಬತ್ತೂವರೆಗೆ ಕೆಳಗಿನ ಬೇಕರಿಯಲ್ಲಿ
ಟೀ ಗ್ಲಾಸು ಹಿಡಿದವರೆಲ್ಲ ತಲೆಯೆತ್ತಿ,
ದಾರ ಕಡಿದಾಗ ಒಬ್ಬ ಶಿಳ್ಳೆ ಹಾಕಿದ,
ಒಬ್ಬ ಥೂ ಅಂದ, ಅಂದವನು ಕೊನೆತನಕ ಕದಲಲಿಲ್ಲ.
ಕೈ ಬಂತು, ಹೋಯಿತು.
ಆಗ ಯಾರೋ ಚಿಲ್ಲರೆ ಕೇಳುತ್ತಿದ್ದರು.

ಹತ್ತೂಕಾಲಿಗೆ ಫೋನು. ಬೈಗುಳಕ್ಕೆ ಸಿದ್ಧನಾಗಿ ಎತ್ತಿದೆ.
‘ಮೊಮ್ಮಗಳು ಗುರುತು ಹಿಡಿದ್ಲು ಕಣಪ್ಪಾ,
ಸುಟ್ಟ ಕಲೆ ನೋಡಿ, ಅಜ್ಜಿ ಕೈ ಅಂತ ಕಿರುಚಿದ್ಲು.’
ಸ್ವಲ್ಪ ಹೊತ್ತು ಸುಮ್ಮನಿದ್ದರು.
‘ಉಳಿದಿದ್ದು ಯಾವಾಗ?’
ಏನು ಹೇಳಲೆಂದು ನಾನು ಬಾಯಿ ತೆರೆದಿದ್ದೆ,
ಅತ್ತಲಿಂದ ಚುಂಯ್ ಎಂದು ಏನೋ ಸದ್ದು,
‘ಅಯ್ಯೋ ತಡಿ, ಹಾಲು!’
ಎಂದು ಇಟ್ಟೇಬಿಟ್ಟರು.